ತವರಿನ ಹೊಟ್ಟೆನೋವು

ನನ್ನ ಅಕ್ಕನ ಅತ್ತೆ ಒಂದು ಕಾಯಿಲೆಯನ್ನು ಕಂಡುಹಿಡಿದಿದ್ದರು. ಅದಕ್ಕೆ ಅವರೇ ಇಟ್ಟ ಹೆಸರು ತವರಿನ ಹೊಟ್ಟೆನೋವು. ಶಿಡ್ಲಘಟ್ಟದಲ್ಲಿ ಹುಟ್ಟಿ ಚಿಕ್ಕಬಳ್ಳಾಪುರದಲ್ಲಿ ವಾಸಿಯಾಗುವ ಕಾಯಿಲೆ. ಮದ್ದು ಬೇಡ, ಮಾತ್ರೆ ಬೇಡ, ರೈಲಿನ ಟಿಕೆಟ್ಟು ಸಾಕು. ಈ ಮಾತನ್ನು ಅವರು ತಮ್ಮೂರಿನ ಬಾವಿಕಟ್ಟೆಯಲ್ಲಿ ಹೇಳಿದ್ದಾರೆ, ಮದುವೆಮನೆಗಳಲ್ಲಿ ಹೇಳಿದ್ದಾರೆ, ನಮ್ಮ ಮನೆಯ ಜಗಲಿಯ ಮೇಲೆ ನಮ್ಮದೇ ಕಾಫಿ ಕುಡಿಯುತ್ತಲೂ ಹೇಳಿದ್ದಾರೆ. ಕೇಳಿದವರೆಲ್ಲ ನಕ್ಕಿದ್ದಾರೆ. ಆ ನಗು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಇಂಥ ವಿಷಯವನ್ನು ಸಮಾಧಾನವಾಗಿ ಬರೆಯಬೇಕಪ್ಪ ಎನ್ನುವವರು ಸಮಾಧಾನ ಇರುವ ಬೇರೆ ಯಾರನ್ನಾದರೂ ಹುಡುಕಿಕೊಳ್ಳಲಿ.

ನನ್ನ ವಿಷಯ ಮೊದಲೇ ಹೇಳಿ ಮುಗಿಸುತ್ತೇನೆ, ಹೇಳುವಂಥದ್ದು ಹೆಚ್ಚೇನಿಲ್ಲ. ಆಗ ನನಗೆ ಹತ್ತೊಂಬತ್ತು. ಎಸ್ಸೆಸ್ಸೆಲ್ಸಿಯ ಲೆಕ್ಕದ ಪರೀಕ್ಷೆ ನನ್ನನ್ನು ಎರಡು ಸಲ ನೋಡಿ ಎರಡು ಸಲವೂ ಒಪ್ಪಿರಲಿಲ್ಲ. ಮೈ ನೋಡಿದರೆ ತಂತಿಯ ಮೇಲೆ ಒಣಹಾಕಿದ ಷರಟಿಗೆ ಗಾಳಿ ಹೊಕ್ಕ ಹಾಗೆ. ದೇವರು ಕೊಟ್ಟದ್ದು ಗಂಟಲೊಂದೇ. ಯಾರ ದನಿಯಾದರೂ ಒಮ್ಮೆ ಕಿವಿಗೆ ಬಿದ್ದರೆ ಸಾಕು, ಸಂಜೆಯೊಳಗೆ ನನ್ನ ಬಾಯಲ್ಲಿರುತ್ತಿತ್ತು. ಹೆಡ್‌ಮಾಸ್ತರರು, ಬಸ್ ಕಂಡಕ್ಟರು, ನಮ್ಮಪ್ಪನ ಗೊರಕೆ, ಅಜ್ಜಿ ಎಲೆಅಡಿಕೆ ಕೇಳುವ ರಾಗ, ಎಲ್ಲ. ನನ್ನದೇ ದನಿಯನ್ನು ಅಣಕಿಸಿ ತೋರಿಸಿದಾಗ ಮಾತ್ರ ಅಮ್ಮ, ಇದೊಂದು ಸರಿಯಾಗಿ ಬರಲಿಲ್ಲ ಕಣೋ ಎಂದಿದ್ದರು.

ಅಕ್ಕನ ಮದುವೆಯಲ್ಲೇ ನಾನು ಅವಳ ಮಾವನ ದನಿ ಹಿಡಿದಿದ್ದೆ. ಅವರು ಬಾಯಿ ತೆರೆಯುವ ಮೊದಲು ಗಂಟಲಲ್ಲಿ ಒಂದು ಜಲ್ಲಿಗಾಡಿ ಓಡಿಸುತ್ತಾರೆ. ಆಮೇಲೆ ಮೂರು ಪದ ಉದುರಿಸುತ್ತಾರೆ. ನಾಲ್ಕನೆಯದು ಬಂದರೆ ಅದು ಬೈಗುಳ. ಬೀಗರ ಊಟದ ಪಂಕ್ತಿಯಲ್ಲಿ ನಾನು ಕಂಬದ ಹಿಂದೆ ನಿಂತು ಆ ಗಾಡಿ ಓಡಿಸಿದಾಗ ಬಡಿಸುತ್ತಿದ್ದವನು ಹೆದರಿ ಅನ್ನದ ಬದಲು ಪಾಯಸವನ್ನೇ ಮತ್ತೆ ಬಡಿಸಿದ. ಅಕ್ಕನ ಅತ್ತೆಗೆ ಇದು ಗೊತ್ತಾಯಿತು. ಅಂದಿನಿಂದ ನನ್ನನ್ನು ಕಂಡರೆ ಅವರ ಮುಖ ಹುಣಸೆಹಣ್ಣು ಚೀಪಿದ ಹಾಗೆ ಆಗುತ್ತಿತ್ತು.

ಅಕ್ಕನಿಗೆ ಆ ನೋವು ಮದುವೆಗೆ ಮೊದಲೂ ಬರುತ್ತಿತ್ತು. ಇದನ್ನೂ ಹೇಳಲೇಬೇಕು, ಯಾಕೆಂದರೆ ನನ್ನ ಸಿಟ್ಟು ಶಿಡ್ಲಘಟ್ಟದವರ ಮೇಲೆ ಮಾತ್ರ ಅಲ್ಲ. ವರ್ಷಕ್ಕೆ ಯಾವಾಗಲೋ ಒಮ್ಮೆ ಹೊಟ್ಟೆ ಬಲಗಡೆ ಉಬ್ಬಿ, ಅವಳು ಮೊಣಕಾಲನ್ನು ಎದೆಗೆ ಒತ್ತಿಕೊಂಡು ಮೂಲೆಗೆ ಸೇರುತ್ತಿದ್ದಳು. ಬಟ್ಟಿ ಜಾರಿದೆ ಎಂದು ಅಜ್ಜಿ ತೀರ್ಪು ಕೊಡುತ್ತಿದ್ದರು. ಅಂದರೆ ಹೊಕ್ಕಳು ತನ್ನ ಜಾಗ ಬಿಟ್ಟಿದೆ ಎಂದು. ಅಕ್ಕನನ್ನು ಅಂಗಾತ ಮಲಗಿಸಿ, ಹೊಕ್ಕಳ ಮೇಲೆ ಪುಟ್ಟ ದೀಪ ಹಚ್ಚಿಟ್ಟು, ಅದರ ಮೇಲೆ ಹಿತ್ತಾಳೆ ಚೊಂಬನ್ನು ಬೋರಲು ಹಾಕುತ್ತಿದ್ದರು. ದೀಪ ಆರುತ್ತಿತ್ತು, ಚೊಂಬು ಚರ್ಮವನ್ನು ಹೀರಿ ಹಿಡಿದುಕೊಳ್ಳುತ್ತಿತ್ತು, ಅಕ್ಕ ತುಟಿ ಕಚ್ಚುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ನೋವು ತಾನಾಗಿ ಇಳಿಯುತ್ತಿತ್ತು. ಹೆಸರು ಚೊಂಬಿಗೆ ಬರುತ್ತಿತ್ತು. ಡಾಕ್ಟರಿಗೆ ತೋರಿಸೋಣ ಎಂದು ಅಪ್ಪ ಒಮ್ಮೆ ಬಾಯಿ ಬಿಟ್ಟಾಗ, ಮದುವೆಯಾಗಬೇಕಾದ ಹುಡುಗಿಯನ್ನು ಆಸ್ಪತ್ರೆ ಬೆಂಚಿನ ಮೇಲೆ ಕೂರಿಸಿ ಊರಿಗೆಲ್ಲ ತೋರಿಸ್ತೀಯೇನೋ ಎಂದು ಅಜ್ಜಿ ಕೇಳಿದರು. ಅಪ್ಪ ಬಾಯಿ ಮುಚ್ಚಿದರು. ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡುವವರಿಗೆ ಬಾಯಿ ಮುಚ್ಚುವುದು ಅಭ್ಯಾಸ.

ಅವಳನ್ನು ಕೊಟ್ಟದ್ದು ಶಿಡ್ಲಘಟ್ಟದ ಹತ್ತಿರದ ಹಳ್ಳಿಗೆ. ಜಮೀನುಳ್ಳ ಮನೆ, ರೇಷ್ಮೆಹುಳ ಸಾಕುವ ಮನೆ. ಅಲ್ಲಿ ಹುಳಕ್ಕೆ ಸಲ್ಲುವ ಮರ್ಯಾದೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸ್ನಾನ ಮಾಡದೆ ಹುಳದ ಮನೆಯೊಳಗೆ ಕಾಲಿಡುವಂತಿಲ್ಲ. ಹುಳಕ್ಕೆ ಘಾಟು ತಾಗೀತೆಂದು ಒಗ್ಗರಣೆಗೆ ಮೆಣಸಿನಕಾಯಿ ಹಾಕುವಂತಿಲ್ಲ. ಪೊರೆ ಬಿಡುವ ಮುಂಚೆ ಹುಳ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿ, ಅಲ್ಲಾಡದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಹುಳ ಜ್ವರಕ್ಕೆ ಕೂತರೆ ಮನೆಮಂದಿಯೆಲ್ಲ ಪಿಸುಮಾತಿನಲ್ಲಿ ಬದುಕಬೇಕು. ಮಾವ ಕೂಡ ತಮ್ಮ ಜಲ್ಲಿಗಾಡಿಯನ್ನು ಅಂಗಳಕ್ಕೆ ಒಯ್ದು ಓಡಿಸಿ ಬರುತ್ತಿದ್ದರು. ಹುಳಕ್ಕೆ ನಾಲ್ಕು ಜ್ವರ. ನಾಲ್ಕನ್ನೂ ಅವರು ನಂಬುತ್ತಿದ್ದರು. ಸೊಸೆಯ ಹೊಟ್ಟೆನೋವನ್ನು ಒಂದು ಸಲವೂ ನಂಬಲಿಲ್ಲ.

ನಾಲ್ಕನೆಯ ಜ್ವರ ಬಿಟ್ಟೆದ್ದ ಹುಳಕ್ಕೆ ಹೊಟ್ಟೆಯೇ ಮೈ. ಹಗಲೂ ರಾತ್ರಿ ಸೊಪ್ಪು ಬೇಕು. ಆ ದಿನಗಳಲ್ಲಿ ಹುಳ ಉಣ್ಣದೆ ಮನೆಯ ಹೆಂಗಸರು ಉಣ್ಣುವಂತಿಲ್ಲ ಎನ್ನುವುದು ಅಲ್ಲಿನ ಪದ್ಧತಿ, ಮತ್ತು ಹುಳ ಉಂಡು ಮುಗಿಸುವುದೇ ಇಲ್ಲ. ಅಕ್ಕ ಬೆಳಗಿನಿಂದ ಖಾಲಿ ಹೊಟ್ಟೆಯಲ್ಲಿ ಸೊಪ್ಪಿನ ಹೊರೆ ಹೊತ್ತು, ತಟ್ಟೆ ತಟ್ಟೆಗೆ ಹರಡಿ, ಹೊತ್ತು ಇಳಿದ ಮೇಲೆ ನಿಂತ ಕಾಲಲ್ಲೇ ಒಂದು ದೊಡ್ಡ ಮುದ್ದೆ ನುಂಗಿ, ಕೈ ತೊಳೆದವಳೇ ಮತ್ತೆ ತೋಟಕ್ಕೆ ಓಡಬೇಕಿತ್ತು. ನೋವು ಬರುತ್ತಿದ್ದದ್ದು ಆಗಲೇ. ಕೆಲಸ ಹೆಚ್ಚಾದಾಗಲೇ ಇವಳಿಗೆ ನೋವು ಬರುತ್ತದಲ್ಲ ಎಂದು ಅತ್ತೆ ಗಮನಿಸಿದರು. ಸರಿಯಾಗಿಯೇ ಗಮನಿಸಿದ್ದರು. ಅವರ ಕಣ್ಣಿಗೆ ದೋಷವಿರಲಿಲ್ಲ.

ಇನ್ನೊಂದನ್ನೂ ಸರಿಯಾಗಿಯೇ ಗಮನಿಸಿದ್ದರು. ಎರಡು ಮೂರು ಸಲ ನೋವು ಜೋರಾದಾಗ, ಹೋಗಿ ಸುಧಾರಿಸಿಕೊಂಡು ಬರಲಿ ಎಂದು ಅಕ್ಕನನ್ನು ರೈಲು ಹತ್ತಿಸಿ ತವರಿಗೆ ಕಳಿಸಿದ್ದರು. ಚಿಂತಾಮಣಿ ಕಡೆಯಿಂದ ಬರುವ ನಮ್ಮ ಚಿಕ್ಕ ರೈಲನ್ನು ಕಂಡವರಿಗೆ ಅದು ಹೇಗೆ ಓಡುತ್ತದೆಂದು ಗೊತ್ತು. ಓಡುವುದಿಲ್ಲ, ಒನೆಯುತ್ತದೆ. ಮೊರದಲ್ಲಿ ರಾಗಿ ಕೇರಿದ ಹಾಗೆ ಒಳಗಿದ್ದವರನ್ನು ಕೇರುತ್ತದೆ. ಅಕ್ಕ ಬೆಂಚಿನ ಮೇಲೆ ಮುದುಡಿ ಮಲಗಿ ಆ ಕುಲುಕಾಟದಲ್ಲಿ ಬರುತ್ತಿದ್ದಳು. ಚಿಕ್ಕಬಳ್ಳಾಪುರದಲ್ಲಿ ಇಳಿಯುವ ಹೊತ್ತಿಗೆ ನೋವು ಹೋಗಿರುತ್ತಿತ್ತು. ನಾನು ಸ್ಟೇಷನ್ನಿಗೆ ಹೋಗಿ ಯಾರದಾದರೂ ದನಿಯಲ್ಲಿ ಏನಾದರೂ ಅಂದರೆ ನಗುತ್ತಿದ್ದಳು. ಆ ನಗುವನ್ನು ಅದೇ ರೈಲಿನಲ್ಲಿ ಬಂದ ಅವರೂರಿನವರು ಯಾರೋ ನೋಡಿ ಊರಿಗೆ ಮುಟ್ಟಿಸಿದರು. ಅಲ್ಲಿಗೆ ಅತ್ತೆಯ ಕಾಯಿಲೆಗೆ ಹೆಸರೂ ಸಿಕ್ಕಿತು, ಸಾಕ್ಷಿಯೂ ಸಿಕ್ಕಿತು.

ಹೀಗಿರುವಾಗ ಒಂದು ವರ್ಷ ಅಕ್ಕನನ್ನು ಗೌರಿಹಬ್ಬಕ್ಕೆ ಕರೆತರಲು ನನ್ನನ್ನು ಕಳಿಸಿದರು. ನಾನು ಹೋದದ್ದು ಬೆಳಿಗ್ಗೆ. ಹುಳ ಹಣ್ಣಾಗಿತ್ತು. ಅಂದರೆ ಗೂಡು ಕಟ್ಟಲು ತಯಾರಾಗಿತ್ತು. ಹಣ್ಣಾದ ಹುಳವನ್ನು ಆರಿಸಿ ಆರಿಸಿ ಚಂದ್ರಿಕೆ ಎನ್ನುವ ಬಿದಿರಿನ ಹೆಣಿಗೆಯ ಮೇಲೆ ಬಿಡುವ ಕೆಲಸದಲ್ಲಿ ಮನೆಯೆಲ್ಲ ಮುಳುಗಿತ್ತು. ಅಕ್ಕ ಕಾಣಲಿಲ್ಲ. ಅತ್ತೆ ನನ್ನನ್ನು ನೋಡಿ ಕೈಕೆಲಸ ಬಿಡದೆ ಹೇಳಿದರು:

"ಬಂದ್ಯೇನಪ್ಪ, ಬಾ. ನೀನು ಬರೋ ವಾಸ್ನೆ ನಿಮ್ಮಕ್ಕನ ಹೊಟ್ಟೇಗೆ ನಿನ್ನೇನೇ ಬಡಿದೈತೆ. ಹೋಗು, ಸೊಪ್ಪಿನ ಕೋಣೇಲವ್ಳೆ. ನಿನ್ ಮುಖ ತೋರಿಸು, ಎದ್ದು ಕುಣೀತಾಳೆ."

ಸೊಪ್ಪಿನ ಕೋಣೆಯಲ್ಲಿ ಅಕ್ಕ ಒದ್ದೆ ಗೋಣಿಯ ಮೇಲೆ ಮಲಗಿದ್ದಳು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಹೊಟ್ಟೆ ಒಂದು ಕಡೆ ಮಾತ್ರ ಎದ್ದು, ಸೀರೆಯೊಳಗೆ ಯಾರೋ ಕುಂಬಳಕಾಯಿ ಬಚ್ಚಿಟ್ಟ ಹಾಗಿತ್ತು. ಪಕ್ಕದ ತಟ್ಟೆಯಲ್ಲಿ ಹಸಿರು ವಾಂತಿ. ನಾನು ಅಭ್ಯಾಸಬಲದಿಂದ ಕಂಡಕ್ಟರನ ದನಿಯಲ್ಲಿ ಚಿಕ್ಕಬಳ್ಳಾಪುರ ಚಿಕ್ಕಬಳ್ಳಾಪುರ ಎಂದೆ. ಅವಳು ಕಣ್ಣು ಬಿಟ್ಟಳು, ನಗಲಿಲ್ಲ. ಈ ಸಲದ್ದು ಬೇರೆ ಕಣೋ, ನಿನ್ನೆ ಸಾಯಂಕಾಲದಿಂದ ಒಂದೇ ಸಮ ಹಿಂಡ್ತಿದೆ ಎಂದಳು.

ನಾನು ಹೊರಗೆ ಬಂದು ಗಾಡಿ ಕೇಳಿದೆ. ಎತ್ತುಗಳು ಕೊಟ್ಟಿಗೆಯಲ್ಲೇ ಇದ್ದವು, ಗಾಡಿ ಅಂಗಳದಲ್ಲೇ ಇತ್ತು. ಹುಳ ಬಿಟ್ಟು ಮುಗಿಯೋವರ್ಗೂ ಒಬ್ಬರೂ ಏಳೋ ಹಾಗಿಲ್ಲ, ನಾಳೆ ನೋಡೋಣ ಎಂದರು ಅತ್ತೆ. ನಾಳೆಗೆ ಬಿಡಬೇಡಿ ಎಂದೆ. ವಾಂತಿಯ ಬಣ್ಣ ಹೇಳಿದೆ. ಅವರು ತೆಲುಗಿಗೆ ಹೊರಳಿದರು, ಸಿಟ್ಟು ಬಂದರೆ ಅವರ ಭಾಷೆ ಹೊಳೆ ದಾಟುತ್ತಿತ್ತು. "ಚಾಲ್ಲೇ ನಾಟಕಂ," ಸಾಕು ನಾಟಕ ಅಂದರು. ಒಬ್ಬಳು ನೋವಿನ ವೇಷ ಹಾಕುತ್ತಾಳೆ, ತಮ್ಮ ಬಂದು ಹಾಡು ಹೇಳುತ್ತಾನೆ ಎಂದು ಪಕ್ಕದ ಹೆಂಗಸಿಗೆ ವಿವರಿಸಿದರು. ಹೆಂಗಸು ನಕ್ಕಳು. ಬಾವ ಅಲ್ಲೇ ಚಂದ್ರಿಕೆ ಹಿಡಿದು ನಿಂತಿದ್ದರು, ತಲೆ ಎತ್ತಲಿಲ್ಲ.

ಮಾವ ಹಿತ್ತಲ ಆಚೆ ಸೊಪ್ಪಿನ ತೋಟದಲ್ಲಿದ್ದರು. ಅವರನ್ನು ಕೇಳಿದರೆ ಏನು ಬರುತ್ತದೆಂದು ಗೊತ್ತಿತ್ತು, ನಾಲ್ಕನೆಯ ಪದ ಬರುತ್ತದೆ. ನಾನು ಹುಲ್ಲಿನ ಮೆದೆಯ ಹಿಂದೆ ಹೋದೆ. ಗಂಟಲಲ್ಲಿ ಜಲ್ಲಿಗಾಡಿ ಓಡಿಸಿದೆ. "ಗಾಡಿ ಕಟ್ರೋ. ಬಿಟ್ಟುಬನ್ರೋ ಸ್ಟೇಷನ್ಗೆ." ಅಷ್ಟೇ. ಒಂದು ಪದ ಹೆಚ್ಚಾಯಿತೇನೋ ಎಂದು ನನಗೇ ಅನಿಸಿತು. ಆದರೆ ಆ ಮನೆಯಲ್ಲಿ ಆ ದನಿಗೆ ಎದುರು ಕೇಳಿದವರೇ ಇಲ್ಲ. ಆಳು ಎದ್ದ, ಎತ್ತು ಬಿಚ್ಚಿದ. ಅತ್ತೆ ಗೊಣಗಿದರು, ತಡೆಯಲಿಲ್ಲ. ನಾನು ತಿರುಗಿ ನೋಡಿದರೆ ಮೆದೆಯ ಪಕ್ಕದಲ್ಲಿ ಬಾವ ನಿಂತು ನನ್ನ ಬಾಯನ್ನೇ ನೋಡುತ್ತಿದ್ದರು. ನನ್ನ ಕಥೆ ಮುಗಿಯಿತು ಎಂದುಕೊಂಡೆ. ಅವರು ಒಳಗೆ ಹೋಗಿ ಅಕ್ಕನನ್ನು ಎತ್ತಿಕೊಂಡು ಬಂದು ಗಾಡಿಯಲ್ಲಿ ಮಲಗಿಸಿ, ತಾವೂ ಹತ್ತಿ ಕೂತರು.

ರೈಲಿನಲ್ಲಿ ನಾನು ಅಕ್ಕನ ಮುಖ ಬಿಟ್ಟು ಬೇರೇನೂ ನೋಡಲಿಲ್ಲ. ನಾಚಿಕೆಯಿಲ್ಲದೆ ಹೇಳುತ್ತೇನೆ, ಅತ್ತೆಯ ಮಾತೇ ನಿಜವಾಗಲಿ ಎಂದು ಬೇಡಿಕೊಂಡೆ. ತವರಿನ ಹೊಟ್ಟೆನೋವೇ ಆಗಿರಲಿ, ಟಿಕೆಟ್ಟಿನಿಂದಲೇ ವಾಸಿಯಾಗಲಿ, ಊರೆಲ್ಲ ನಕ್ಕುಕೊಳ್ಳಲಿ. ರೈಲು ಕುಲುಕಿತು, ಒನೆಯಿತು, ದಾರಿಯಲ್ಲಿ ನಿಂತು ನೀರು ಕುಡಿಯಿತು. ಅಕ್ಕನ ಹೊಟ್ಟೆ ಇಳಿಯಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಇಳಿಸಿದಾಗ ಅವಳು ನನ್ನ ಕೈ ಹಿಡಿದು, ಮನೆಗೆ ಬೇಡ ಕಣೋ, ಅಜ್ಜಿ ಚೊಂಬು ಹಾಕ್ತಾರೆ ಎಂದಳು. ಸ್ಟೇಷನ್ನಿನಿಂದ ನೇರ ಡಾಕ್ಟರ ಹತ್ತಿರ ಹೋದೆವು. ಅವರು ಹೊಟ್ಟೆಯ ಮೇಲೆ ಬೆರಳಿಟ್ಟು ತಟ್ಟಿ ನೋಡಿದರು, ಕಿವಿಗೆ ಕೊಳವೆ ಸಿಕ್ಕಿಸಿ ಕೇಳಿದರು, ನಮ್ಮನ್ನು ಬೈಯುವುದಕ್ಕೂ ಪುರಸೊತ್ತಿಲ್ಲದವರ ಹಾಗೆ ಕಾರು ಗೊತ್ತುಮಾಡಿಸಿ ಬೆಂಗಳೂರಿಗೆ ಕಳಿಸಿದರು.

ಬೆಂಗಳೂರಿನಲ್ಲಿ ಹೊಟ್ಟೆ ಕೊಯ್ದರು.

ಕೊಯ್ದ ಡಾಕ್ಟರು ಮಾರನೆಯ ದಿನ ನನ್ನನ್ನೂ ಬಾವನನ್ನೂ ಕರೆದು ಹೇಳಿದ್ದನ್ನು ನಾನು ಅವರ ದನಿಯಲ್ಲೇ ಹೇಳಿ ತೋರಿಸಬಲ್ಲೆ. ಬರಹದಲ್ಲಿ ಅದು ಬರುವುದಿಲ್ಲವಾದ್ದರಿಂದ ವಿಷಯ ಮಾತ್ರ ಹೇಳುತ್ತೇನೆ. ಸಣ್ಣ ಕರುಳು ದೊಡ್ಡ ಕರುಳಿಗೆ ಕೂಡುವ ಜಾಗ ಹೊಟ್ಟೆಯ ಬಲಗಡೆ ಕೆಳಗಿದೆ. ಮಗು ತಾಯ ಹೊಟ್ಟೆಯಲ್ಲಿರುವಾಗಲೇ ಆ ಭಾಗ ತಿರುಗಿ ಬಂದು ಹಿಂದಿನ ಗೋಡೆಗೆ ಅಂಟಿಕೊಳ್ಳುತ್ತದೆ. ಕೆಲವರಲ್ಲಿ ಅಂಟುವುದಿಲ್ಲ. ಸಡಿಲವಾಗಿ ನೇತಾಡುತ್ತದೆ. ಇನ್ನು ಕೆಲವರಲ್ಲಿ ಹೊಕ್ಕಳಿಂದ ಕರುಳಿಗೆ ಒಂದು ದಾರದಂಥದ್ದು ಹಾಗೇ ಉಳಿದುಬಿಟ್ಟಿರುತ್ತದೆ, ಕರುಳು ಅದಕ್ಕೆ ಸುತ್ತಿಕೊಳ್ಳುತ್ತದೆ. ಅಕ್ಕನದು ಮೊದಲನೆಯ ಬಗೆ. ಅಂಟಿಲ್ಲದ ಆ ಭಾಗ ತನ್ನ ಬುಡವನ್ನೇ ಸುತ್ತಿಕೊಂಡು, ಒದ್ದೆ ಪಂಚೆ ಹಿಂಡಿದ ಹಾಗೆ ಹಿಂಡಿಕೊಂಡಿತ್ತು. ರಕ್ತ ಹರಿಯದೆ ಒಂದಷ್ಟು ಕಪ್ಪಾಗಿತ್ತು. ಅದನ್ನು ಕತ್ತರಿಸಿ ತೆಗೆದು ಉಳಿದದ್ದನ್ನು ಕೂಡಿಸಿದ್ದರು. ಇನ್ನೂ ತಡವಾಗಿದ್ದರೆ ಕೂಡಿಸಲು ಏನೂ ಇರುತ್ತಿರಲಿಲ್ಲ ಎಂದರು.

ನಾನು ರೈಲಿನ ಕುಲುಕಾಟದ ವಿಷಯ ಕೇಳಿದೆ. ಮೊದಲೆಲ್ಲ ಪೂರ್ತಿ ಹಿಂಡಿಕೊಂಡಿರಲಿಲ್ಲ, ಉಪವಾಸದಲ್ಲಿ ಮಲಗಿ ಕುಲುಕಿಕೊಂಡು ಬಂದಾಗ ತಾನಾಗಿ ಬಿಚ್ಚಿಕೊಂಡಿರಬಹುದು ಎಂದರು. ಬೆಳಗಿನಿಂದ ಖಾಲಿಯಿದ್ದ ಹೊಟ್ಟೆಗೆ ಒಮ್ಮೆಲೇ ಮುದ್ದೆ ಇಳಿಸಿ ಹೊರೆ ಹೊತ್ತರೆ ಮತ್ತೆ ಸುತ್ತಿಕೊಳ್ಳುವುದೂ ಉಂಟಂತೆ. ಇನ್ನು ಮುಂದೆ ಹೊತ್ತುಹೊತ್ತಿಗೆ ಸ್ವಲ್ಪ ಸ್ವಲ್ಪ ಉಣ್ಣಬೇಕು ಎಂದು ಹೇಳಿದರು. ಬಾವ ಆಗ ಬಾಯಿ ಬಿಟ್ಟರು.

"ಹಂಗಾದ್ರೆ ಅವಳಿಗೆ ನಿಜವಾಗ್ಲೂ ನೋವಿತ್ತಾ ಸಾರ್?"

ಡಾಕ್ಟರು ಎದ್ದು ಕೈ ತೊಳೆಯಲು ಹೋದರು. ನನಗೆ ಬಾವನ ಕೆನ್ನೆಗೆ ಹೊಡೆಯಬೇಕೆನಿಸಿತು. ನನ್ನ ತೋಳಿನ ಗಾತ್ರ ನೋಡಿಕೊಂಡು ಸುಮ್ಮನಾದೆ.

ಇಲ್ಲಿಗೆ ಮುಗಿದಿದ್ದರೆ ನನ್ನ ಸಿಟ್ಟೂ ಕಾಲಕ್ರಮೇಣ ಇಳಿಯುತ್ತಿತ್ತೇನೋ. ಅಕ್ಕ ಬದುಕಿದಳು. ನಮ್ಮ ಮನೆಗೆ ಬಂದು ಸುಧಾರಿಸಿಕೊಳ್ಳುತ್ತಿದ್ದಳು. ಡಾಕ್ಟರು ಹೇಳಿದ್ದು ಶಿಡ್ಲಘಟ್ಟಕ್ಕೆ ಮುಟ್ಟಿದೆ, ಇನ್ನು ಅತ್ತೆ ನಾಚಿಕೆಯಿಂದ ಮುಖ ತೋರಿಸುವುದಿಲ್ಲ ಎಂದು ನಾನು ಮೂರ್ಖನ ಹಾಗೆ ಕಾದಿದ್ದೆ. ಅವರು ಮುಖ ತೋರಿಸಿದರು. ಮಾವನನ್ನೂ ಬಾವನನ್ನೂ ಕರೆದುಕೊಂಡು, ನ್ಯಾಯ ಕೇಳಲು ಬಂದರು. ಎರಡೂ ಮನೆಗೆ ಬೇಕಾದವರು ಎಂದು ಮಂಚೇನಹಳ್ಳಿಯಿಂದ ನಮ್ಮ ದೊಡ್ಡತಾತನನ್ನು ಕರೆಸಿ ನಡುವೆ ಕೂರಿಸಿದರು.

ಅತ್ತೆಯ ಮಾತು ಇಷ್ಟು: ಹುಡುಗಿಗೆ ಹುಟ್ಟಿದಾಗಿನಿಂದ ಹೊಟ್ಟೆಯೊಳಗೆ ಊನ. ಡಾಕ್ಟರೇ ಹೇಳಿದ್ದಾರೆ. ಅದನ್ನು ಮುಚ್ಚಿಟ್ಟು ಧಾರೆ ಎರೆದಿದ್ದೀರಿ. ಈಗ ಹೊಟ್ಟೆ ಕೊಯ್ದ ಸೊಸೆಯನ್ನು ನಾವೇನು ಮಾಡಬೇಕು, ಹೇಳಿ.

ನಾನು ನಮ್ಮ ಕಡೆಯವರ ಬಾಯಿ ನೋಡಿದೆ. ಅಪ್ಪ ನೆಲ ನೋಡುತ್ತಿದ್ದರು. ಅಮ್ಮನ ಕಣ್ಣು ತುಂಬಿತ್ತು, ಆದರೆ ಅದರಲ್ಲಿ ಹೆದರಿಕೆಯೇ ಹೆಚ್ಚು. ಊನ ಗೀನ ಏನೂ ಇರಲಿಲ್ಲಮ್ಮ, ವರ್ಷಕ್ಕೊಂದ್ಸಲ ಬಟ್ಟಿ ಜಾರೋದು ಅಷ್ಟೇ ಎಂದು ಅಜ್ಜಿ ಕಾಪಾಡಲು ಹೊರಟು, ಇದ್ದ ಮಾನವನ್ನೂ ಚೊಂಬಿನೊಳಗೆ ಹಾಕಿದರು. ನೋಡಿದ್ರಾ, ಗೊತ್ತಿತ್ತು ಇವರಿಗೆ ಎಂದು ಅತ್ತೆ ದೊಡ್ಡತಾತನ ಕಡೆ ತಿರುಗಿದರು. ಮಾವ ಜಲ್ಲಿಗಾಡಿ ಓಡಿಸಿ, ಈ ಹುಡುಗ ನನ್ನ ಗಂಟಲು ಕದ್ದ ಎಂದು ತಮ್ಮ ದೂರನ್ನೂ ಸೇರಿಸಿದರು. ಇಡೀ ಗಲಾಟೆಯಲ್ಲಿ ಅವರಿಗೆ ಕಂಡ ಅನ್ಯಾಯ ಅದೊಂದೇ.

ನನಗೆ ತಡೆಯಲಾಗಲಿಲ್ಲ. ನಿನ್ನೆಯವರೆಗೂ ನೋವು ಸುಳ್ಳು, ಅದಕ್ಕೆ ತಪ್ಪು ಅವಳದ್ದು. ಇವತ್ತು ನೋವು ನಿಜ, ಅದಕ್ಕೂ ತಪ್ಪು ಅವಳದ್ದೇ. ನಿಮ್ಮ ನ್ಯಾಯದಲ್ಲಿ ಅವಳು ಏನಾಗಿದ್ದರೆ ಸರಿಹೋಗುತ್ತಿತ್ತು, ಸತ್ತಿದ್ದರೆ? ಹೀಗೆ ಕೇಳಿದೆ. ನನ್ನದೇ ದನಿಯಲ್ಲಿ ಕೇಳಿದೆ, ಅದು ಒಡೆದು ಕೀಚಲಾಗಿ ಬಂತು. ಆಮೇಲೆ ಸುತ್ತ ಕೂತಿದ್ದವರನ್ನೆಲ್ಲ ನೋಡಿ ಹೇಳಿದೆ:

"ಡಾಕ್ಟ್ರು ಹೇಳವ್ರೆ, ಹೊಟ್ಟೆ ಕೊಯ್ಯೋವರ್ಗೂ ಯಾರ ಕರುಳು ಹೆಂಗೈತೆ ಅಂತ ಯಾರ್ಗೂ ಗೊತ್ತಾಗಲ್ಲ. ಇಲ್ಲಿ ಕೂತಿರೋರಲ್ಲಿ ಯಾರು ಕೊಯ್ಸಿ ನೋಡ್ಕೊಂಡಿದೀರಾ, ಕೈ ಎತ್ತಿ."

ದೊಡ್ಡತಾತ ಮೆಲ್ಲಗೆ ತಮ್ಮ ಹೊಟ್ಟೆಯ ಬಲಗಡೆ ಮುಟ್ಟಿ ನೋಡಿಕೊಂಡರು. ಯಾರೂ ನಗಲಿಲ್ಲ. ಕೊನೆಗೆ ಅವರು ಪಂಚಾಯ್ತಿಯವರು ಯಾವಾಗಲೂ ಹೇಳುವುದನ್ನೇ ಹೇಳಿದರು. ಆದದ್ದು ಆಯಿತು, ಇಬ್ಬರೂ ಮರೆಯಿರಿ, ಹುಡುಗಿಯನ್ನು ಕರೆದುಕೊಂಡು ಹೋಗಿ ಎಂದರು. ಅತ್ತೆ ದೊಡ್ಡ ಮನಸ್ಸು ಮಾಡಿದವರ ಹಾಗೆ ಸೆರಗು ಸರಿಮಾಡಿಕೊಂಡು, ಹೊರಡು ಹಾಗಾದ್ರೆ ಎಂದರು. ಅಮ್ಮ ಆಗಲೇ ಅರಿಶಿನ ಕುಂಕುಮದ ತಟ್ಟೆ ತರಲು ಎದ್ದಿದ್ದರು. ನನ್ನಮ್ಮನ ಆ ಅವಸರವನ್ನೂ ನಾನು ಕ್ಷಮಿಸಿಲ್ಲ.

ಅಕ್ಕ ನಡುಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಹೊಲಿಗೆಯ ಮೇಲೆ ಅಂಗೈ ಇಟ್ಟುಕೊಂಡಿದ್ದಳು.

"ಬರ್ತೀನಿ ಅತ್ತೆ," ಅಂದಳು. "ನಂಗೆ ನೋವಿತ್ತು ಅಂತ ನೀವು ಒಂದ್ಸಲ ಹೇಳಿ. ಈಗ್ಲೇ ಹೊರಡ್ತೀನಿ."

ಅತ್ತೆ ಮಾವನ ಮುಖ ನೋಡಿದರು. ಡಾಕ್ಟ್ರು ಹೇಳಿದ್ಮೇಲೆ ಇದ್ದೇ ಇರುತ್ತೆ ಬಿಡಮ್ಮ ಎಂದರು.

"ಡಾಕ್ಟ್ರು ಹೇಳಿದ್ದು ನಂಗೂ ಗೊತ್ತು. ನೀವು ಹೇಳಿ."

ಅಷ್ಟು ಸಣ್ಣ ಮಾತು. ಹೇಳಿದ್ದರೆ ಅವರ ಗಂಟೇನೂ ಹೋಗುತ್ತಿರಲಿಲ್ಲ. ಅವರ ತುಟಿ ಎರಡು ಸಲ ಅಲ್ಲಾಡಿದ್ದನ್ನು ನಾನು ನೋಡಿದೆ. ಮನುಷ್ಯರ ಬಾಯಿ ನೋಡಿಯೇ ಬದುಕುವವನು ನಾನು, ಒಳಗೆ ಮಾತು ಬಂದು ನಿಂತದ್ದು ನನಗೆ ಕಾಣುತ್ತದೆ. ಬಂದು ನಿಂತಿತ್ತು. ಅವರು ಅದನ್ನು ನುಂಗಿದರು. ರೈಲಿಗೆ ಹೊತ್ತಾಯಿತು ಎಂದು ಎದ್ದರು.

ಆಗ ಮೂಲೆಯಿಂದ ಬಾವ ಹೇಳಿದರು: "ಇತ್ತು. ನಾನು ನೋಡಿದ್ದೆ. ಮದ್ವೆಯಾದ್ ವರ್ಷಾನೇ ನೋಡಿದ್ದೆ."

ಅತ್ತೆ ಮಗನ ಹೆಸರು ಹಿಡಿದು ಕೂಗಿದರು, ಬಾಗಿಲ ಆಚೆ ಹೋಗಿ ಇನ್ನೊಮ್ಮೆ ಕೂಗಿದರು. ಬಾವ ಕೂತಲ್ಲಿಂದ ಏಳಲಿಲ್ಲ. ಮಾವನೂ ಅತ್ತೆಯೂ ಇಬ್ಬರೇ ಬೀದಿಯಲ್ಲಿ ಸ್ಟೇಷನ್ನಿನ ಕಡೆ ಹೋದರು.

ಇದನ್ನು ನೋಡಿ ನನ್ನ ಮನಸ್ಸು ಕರಗಿತೆಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ. ಕರಗಲಿಲ್ಲ. ನೋಡಿದ್ದನಂತೆ. ಮದುವೆಯಾದ ವರ್ಷವೇ ನೋಡಿದ್ದನಂತೆ. ನೋಡಿ, ಚಂದ್ರಿಕೆ ಹಿಡಿದುಕೊಂಡು ನಿಂತಿದ್ದನಂತೆ. ನಂಬದವರ ಮೇಲಿನ ಸಿಟ್ಟಿಗಿಂತ ನಂಬಿಯೂ ಸುಮ್ಮನಿದ್ದವನ ಮೇಲೆ ನನಗೆ ಹೆಚ್ಚು ಸಿಟ್ಟು ಬಂತು. ಹೇಳಲು ಬಾಯಿ ತೆರೆದೆ.

ಅಕ್ಕ ನನ್ನ ಕಡೆ ನೋಡಿ, "ಎರಡು ಎಲೆ ಹಾಕೋ, ನಂಗೆ ಹಸಿವಾಗ್ತಿದೆ," ಅಂದಳು.

ಹಾಕಿದೆ. ಬಾವನ ಎಲೆಗೆ ನೀರು ಚಿಮುಕಿಸುವಾಗ ಅರ್ಧ ಅವರ ಮುಖಕ್ಕೇ ಹಾರಿತು. ಅವರು ಒರೆಸಿಕೊಳ್ಳಲಿಲ್ಲ. ಅಮ್ಮ ಅನ್ನ ತಂದು ಮೊದಲು ಅಳಿಯನ ಎಲೆಯ ಕಡೆ ಬಗ್ಗಿದರು. ಅಕ್ಕ ಕೈ ಚಾಚಿ ಪಾತ್ರೆಯನ್ನು ತನ್ನ ಕಡೆ ಎಳೆದುಕೊಂಡಳು, ತಾನೇ ಸ್ವಲ್ಪ ಬಡಿಸಿಕೊಂಡಳು, ಯಾರಿಗೂ ಕಾಯದೆ ಉಣ್ಣತೊಡಗಿದಳು.